ಆನಂದರಾವ್ ಕೌಂಡಿನ್ಯರ ಸೇವಾಮಾರ್ಗ

ದೀಕ್ಷೆಯು ಒಂದು ದಿನದ ಕಾರ್ಯ. ದೀಕ್ಷೆಗೆ ತಕ್ಕಂತೆ ಬಾಳುವುದು ಜೀವಮಾನದ ಕಾರ್ಯ. ಮಂಗಳೂರಿನ ಹರ್ಮನ್ ಆನಂದರಾವ್ ಕೌಂಡಿನ್ಯರ ಚರಿತ್ರೆಯು ಇದಕ್ಕೆ ನಿದರ್ಶನವಾಗಿದೆ.

1825ರಲ್ಲಿ ಸಾರಸ್ವತ ಬ್ರಾಹ್ಮಣಕುಲದಲ್ಲಿ ಜನಿಸಿದ ಇವರು ಬಾಸೆಲ್ ಮಿಶನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದಾಗ ಹರ್ಮನ್ ಮೋಗ್ಲಿಂಗರ ಸಹವಾಸದಿಂದ ಕ್ರಿಸ್ತಮತಕ್ಕೆ ಒಲಿದರು. 1844ನೆಯ ಜನವರಿ 6ರಂದು ದೀಕ್ಷಾಸ್ನಾನವನ್ನು ಹೊಂದಿದಾಗ ಇವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಊರು ಕ್ಷೋಭೆಗೊಂಡಿತು, ಕುಲವು ಕೈಬಿಟ್ಟಿತು.

ಆದರೆ ತ್ಯಾಗವೊಂದರಿಂದಲೇ ಇವರು ತೃಪ್ತರಾಗಲಿಲ್ಲ. 1846ರಲ್ಲಿ ಗುರುವಿನೊಡನೆ ಬಾಸೆಲ್ ನಗರಕ್ಕೆ ಹೋಗಿ ಶಾಸ್ತ್ರಾಭ್ಯಾಸವನ್ನು ಮಾಡಿದರು. 1851ರಲ್ಲಿ ಬೋಧಕರಾಗಿ ಹಿಂದಿರುಗಿ, ಮಂಗಳೂರಿನ ಸೆಮಿನರಿಯಲ್ಲಿ ದೇಶೀಯ ತರುಣರನ್ನು ಉಪದೇಶಕಾರ್ಯಕ್ಕೆ ಅಣಿಗೊಳಿಸಿದರು. ಮುಂದೆ ಕೊಡಗಿನಲ್ಲಿ, ಜೀತದಿಂದ ಬಂದು ಕ್ರೈಸ್ತರಾದವರ ನೆಲೆಗೆ ಇವರ ಹೆಸರಿನಿಂದಲೇ ಆನಂದಪುರವೆಂಬ ಹೆಸರಾಯಿತು. ಹುಟ್ಟಿದ ಕುಲದ ಆಚಾರವು ಮುಟ್ಟಗೊಡದಿದ್ದ ಜನರೇ ಇವರ ಸಭೆಯ ಬಂಧುಗಳಾದರು.

1893ರಲ್ಲಿ ಇವರು ದಿವಂಗತರಾದರು. ತನ್ನ ನಂಬಿಕೆಯನ್ನು ನೆರೆಯವರಿಗೆ ಅರುಹಬಯಸುವ ಕ್ರೈಸ್ತ ತರುಣನು ಮೊದಲು ನೆರೆಯವನಾಗಬೇಕೆಂಬುದೇ ಈ ಚರಿತ್ರೆಯ ಸಾರವಾಗಿದೆ. ಬಾಯಿಯ ಮಾತು ಮರೆತುಹೋಗುವುದುಂಟು. ಕೈಯ ಕೆಲಸಕ್ಕೆ ಊರೇ ಸಾಕ್ಷಿ.