ಊಹೆಗೆ ಅಂಕ ಬಂದ ಬಗೆ: ಪಲ್ಮನರಿ ಎಂಬಾಲಿಸಂ ಪತ್ತೆಯ ಇತಿಹಾಸ

1846ರಲ್ಲಿ ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯಲ್ಲಿ ಶವಪರೀಕ್ಷೆಯ ಕೆಲಸ ನೋಡಿಕೊಳ್ಳುತ್ತಿದ್ದ ರುಡಾಲ್ಫ್ ವಿರ್ಕೋಗೆ ವಯಸ್ಸು ಇಪ್ಪತ್ತೈದರ ಆಸುಪಾಸು. ಶ್ವಾಸಕೋಶದ ಅಪಧಮನಿಯಲ್ಲಿ ಸಿಗುವ ರಕ್ತದ ಹೆಪ್ಪು ಅಲ್ಲಿಯೇ ಹುಟ್ಟಿದ್ದು, ರಕ್ತನಾಳದ ಉರಿಯೂತವೇ ಅದಕ್ಕೆ ಕಾರಣ ಎಂಬ ನಂಬಿಕೆ ಆಗ ಬಲವಾಗಿತ್ತು. ವಿರ್ಕೋ ಒಪ್ಪಲಿಲ್ಲ. ಹೆಪ್ಪು ಹುಟ್ಟುವುದು ಬೇರೆಡೆ, ಹೆಚ್ಚಾಗಿ ಕಾಲಿನ ಅಭಿಧಮನಿಗಳಲ್ಲಿ. ಅದರ ತುಣುಕು ಕಳಚಿಕೊಂಡು ರಕ್ತದ ಹರಿವಿನಲ್ಲಿ ತೇಲಿ, ಹೃದಯದ ಬಲಭಾಗ ದಾಟಿ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ವಾದಿಸಿದರು. ನಾಯಿಗಳ ಕೊರಳಿನ ಅಭಿಧಮನಿಯೊಳಗೆ ರಬ್ಬರಿನ ಚೂರುಗಳನ್ನು ಸೇರಿಸಿ, ಅವು ಶ್ವಾಸಕೋಶ ತಲುಪಿದ್ದನ್ನು ತೋರಿಸಿಯೂ ಕೊಟ್ಟರು. ಎಂಬಾಲಿಸಂ ಎಂಬ ಪದವನ್ನು ಈ ಅರ್ಥದಲ್ಲಿ ವೈದ್ಯಶಾಸ್ತ್ರಕ್ಕೆ ತಂದವರೂ ಅವರೇ.

ವಿರ್ಕೋ ಕಂಡದ್ದೆಲ್ಲ ಶವಗಳಲ್ಲಿ. ಬದುಕಿರುವವರಲ್ಲಿ ಇದನ್ನು ಗುರುತಿಸುವುದು ಹೇಗೆ ಎಂಬ ಪ್ರಶ್ನೆ ಮುಂದಿನ ನೂರು ವರ್ಷವೂ ಬಗೆಹರಿಯಲಿಲ್ಲ. ಏದುಸಿರು, ಉಸಿರೆಳೆದಾಗ ಚುಚ್ಚುವ ಎದೆನೋವು, ಓಡುವ ನಾಡಿ, ಕೆಲವೊಮ್ಮೆ ಕಫದಲ್ಲಿ ರಕ್ತ: ಈ ಲಕ್ಷಣಗಳಲ್ಲಿ ಒಂದೂ ಈ ಕಾಯಿಲೆಯದಷ್ಟೇ ಅಲ್ಲ. ನ್ಯುಮೋನಿಯಾದಲ್ಲಿ ಇವೆ, ಹೃದಯಾಘಾತದಲ್ಲಿ ಇವೆ, ಬರೀ ಗಾಬರಿಯಲ್ಲೂ ಇವೆ.

ಚಿಕಿತ್ಸೆ ಮಾತ್ರ ಪತ್ತೆಗಿಂತ ಮುಂದೆ ಓಡಿತ್ತು. ಲೈಪ್ಜಿಗ್‌ನ ಶಸ್ತ್ರವೈದ್ಯ ಫ್ರೀಡ್ರಿಶ್ ಟ್ರೆಂಡೆಲೆನ್‌ಬರ್ಗ್ 1908ರಲ್ಲಿ ಎದೆ ತೆರೆದು ಹೆಪ್ಪನ್ನು ಹೊರತೆಗೆಯುವ ಶಸ್ತ್ರಕ್ರಿಯೆಯನ್ನು ವರ್ಣಿಸಿದರು. ಅವರ ರೋಗಿಗಳು ಬದುಕುಳಿಯಲಿಲ್ಲ. ಮೊದಲ ಯಶಸ್ಸು ಅವರ ಶಿಷ್ಯ ಮಾರ್ಟಿನ್ ಕಿರ್ಶ್ನರ್‌ಗೆ, 1924ರಲ್ಲಿ. ಖಚಿತವಾಗದ ರೋಗಕ್ಕೆ ಎದೆ ಸೀಳುವ ಧೈರ್ಯ ಯಾರಿಗೆ ಬಂದೀತು? 1935ರಲ್ಲಿ ಬಾಸ್ಟನ್ನಿನ ಮೆಗಿನ್ ಮತ್ತು ಪಾಲ್ ಡಡ್ಲಿ ವೈಟ್ ಏಳು ರೋಗಿಗಳ ಇಸಿಜಿಯಲ್ಲಿ ಒಂದು ವಿಶಿಷ್ಟ ವಿನ್ಯಾಸ ಗುರುತಿಸಿದರು. ವೈದ್ಯ ವಿದ್ಯಾರ್ಥಿಗಳು ಇಂದಿಗೂ ಬಾಯಿಪಾಠ ಮಾಡುವ ‘ಎಸ್1 ಕ್ಯೂ3 ಟಿ3’ ಅದೇ. ಆದರೆ ಬಹುಪಾಲು ರೋಗಿಗಳಲ್ಲಿ ಅದು ಕಾಣಿಸುವುದೇ ಇಲ್ಲ. ಎಕ್ಸ್‌ರೇಯಲ್ಲಿ ವೆಸ್ಟರ್‌ಮಾರ್ಕ್, ಹ್ಯಾಂಪ್ಟನ್ ಮೊದಲಾದವರು ಗುರುತಿಸಿದ ಚಿಹ್ನೆಗಳ ಕಥೆಯೂ ಇಷ್ಟೇ.

ಹಾಗಾಗಿ 1960ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ಅಧ್ಯಯನದ ಎದುರು ಸ್ವಲ್ಪ ಹೊತ್ತು ನಿಲ್ಲಬೇಕು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಬ್ಯಾರಿಟ್ ಮತ್ತು ಜೋರ್ಡನ್ ಎಂಬ ವೈದ್ಯರು 35 ರೋಗಿಗಳನ್ನು ಎರಡು ಗುಂಪು ಮಾಡಿದರು. ಹೆಪ್ಪುರೋಧಕ ಔಷಧ ಸಿಗದ 19 ಮಂದಿಯಲ್ಲಿ ಐವರು ಎಂಬಾಲಿಸಂನಿಂದಲೇ ಸತ್ತರು, ಇನ್ನೈವರಿಗೆ ಅದು ಮರುಕಳಿಸಿತು. ಆ ಬಗೆಯ ಔಷಧವಾದ ಹೆಪಾರಿನ್ ಸಿಕ್ಕ 16 ಮಂದಿಯಲ್ಲಿ ಎಂಬಾಲಿಸಂನಿಂದ ಯಾರೂ ಸಾಯಲಿಲ್ಲ. ಇಷ್ಟು ಕಂಡ ಮೇಲೆ ಔಷಧ ಕೊಡದೆ ಇರಿಸುವುದು ಅನ್ಯಾಯವೆಂದು ಆ ರೀತಿಯ ಹೋಲಿಕೆಯನ್ನೇ ನಿಲ್ಲಿಸಲಾಯಿತು. ಜಗತ್ತಿನಾದ್ಯಂತ ಇಂದು ನಡೆಯುವ ಚಿಕಿತ್ಸೆಯ ತಳಪಾಯ ಇದು. ಗಮನಿಸಬೇಕಾದ ಸಂಗತಿ ಇನ್ನೊಂದಿದೆ: ಆ ರೋಗಿಗಳಿಗೆ ಸ್ಕ್ಯಾನ್ ಆಗಿರಲಿಲ್ಲ, ಆಂಜಿಯೋಗ್ರಫಿ ಆಗಿರಲಿಲ್ಲ. ಹಾಸಿಗೆಯ ಪಕ್ಕದಲ್ಲಿ ನಿಂತ ವೈದ್ಯರ ಅಂದಾಜೇ ಅಲ್ಲಿ ರೋಗನಿರ್ಣಯವಾಗಿತ್ತು.

ಮುಂದಿನ ದಶಕಗಳು ಆ ಅಂದಾಜನ್ನು ಹಿನ್ನೆಲೆಗೆ ಸರಿಸಿ ಯಂತ್ರಗಳ ಕಡೆ ಹೊರಳಿದವು. ಕೊಳವೆ ತೂರಿಸಿ ಬಣ್ಣ ಹರಿಸುವ ಆಂಜಿಯೋಗ್ರಫಿ ಬಂತು. 1964ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಹೆನ್ರಿ ವ್ಯಾಗ್ನರ್ ತಂಡ, ವಿಕಿರಣಶೀಲ ಕಣಗಳನ್ನು ರಕ್ತಕ್ಕೆ ಬಿಟ್ಟು ಶ್ವಾಸಕೋಶದ ಯಾವ ಭಾಗಕ್ಕೆ ರಕ್ತ ತಲುಪುತ್ತಿಲ್ಲವೆಂದು ನೋಡುವ ಸ್ಕ್ಯಾನ್ ಪ್ರಕಟಿಸಿತು. ಈ ಸ್ಕ್ಯಾನ್ ಎಷ್ಟು ನಂಬಲರ್ಹ ಎಂದು ಅಳೆದದ್ದು ‘ಪಯೋಪೆಡ್’ ಎಂಬ ಅಮೆರಿಕದ ಬೃಹತ್ ಅಧ್ಯಯನ. ಫಲಿತಾಂಶ 1990ರಲ್ಲಿ ಹೊರಬಂತು. ಕಾಯಿಲೆ ಇದ್ದವರಲ್ಲಿ ಸ್ಕ್ಯಾನ್ ಖಚಿತವಾಗಿ ಬೆರಳು ತೋರಿಸಿದ್ದು ಶೇಕಡಾ 41 ಮಂದಿಯಲ್ಲಷ್ಟೇ. ಆದರೆ ಅಧ್ಯಯನಕಾರರು ಸ್ಕ್ಯಾನಿಗೆ ಮೊದಲೇ ವೈದ್ಯರಿಂದ ಅವರ ಅಂದಾಜನ್ನು ಬರೆಸಿಕೊಂಡಿದ್ದರು. ವೈದ್ಯರ ಗುಮಾನಿಯೂ ಸ್ಕ್ಯಾನೂ ಎರಡೂ ಬಲವಾಗಿದ್ದಾಗ ಶೇಕಡಾ 96 ಮಂದಿಯಲ್ಲಿ ಹೆಪ್ಪು ಇತ್ತು. ಎರಡೂ ದುರ್ಬಲವಾಗಿದ್ದಾಗ ಶೇಕಡಾ 4ರಲ್ಲಿ. ಸ್ಕ್ಯಾನ್ ‘ಹೌದು’ ಎಂದು, ವೈದ್ಯರು ‘ಇರಲಾರದು’ ಎಂದಾಗ ಹೆಪ್ಪು ಸಿಕ್ಕಿದ್ದು ಅರ್ಧಕ್ಕಿಂತ ತುಸು ಹೆಚ್ಚು ಮಂದಿಯಲ್ಲಿ. ಅಂದರೆ ಅಂದಾಜು ಕೂಡ ಒಂದು ಪರೀಕ್ಷೆಯೇ. ಅದನ್ನು ಬಿಟ್ಟು ಓದಿದರೆ ಯಂತ್ರದ ಉತ್ತರ ಅರ್ಥವಾಗುವುದಿಲ್ಲ. ಈ ಇತಿಹಾಸದ ನಿಜವಾದ ತಿರುವು ಇದೇ.

ಆ ಅಂದಾಜಿಗೆ ಅಂಕ ಕೊಟ್ಟವರು ಕೆನಡಾದ ಒಟ್ಟಾವಾದ ಫಿಲಿಪ್ ವೆಲ್ಸ್. ಕಾಲಿನಲ್ಲಿ ಹೆಪ್ಪುಗಟ್ಟಿದ ಲಕ್ಷಣಕ್ಕೆ 3, ನಾಡಿ ಬಡಿತ ನೂರು ಮೀರಿದ್ದರೆ 1.5, ಇತ್ತೀಚಿನ ಶಸ್ತ್ರಕ್ರಿಯೆ ಅಥವಾ ಹಾಸಿಗೆ ಹಿಡಿದಿದ್ದಕ್ಕೆ 1.5, ಹಿಂದೊಮ್ಮೆ ಈ ಕಾಯಿಲೆ ಬಂದಿದ್ದರೆ 1.5, ಕಫದಲ್ಲಿ ರಕ್ತಕ್ಕೆ 1, ಕ್ಯಾನ್ಸರಿಗೆ 1. ಉಳಿದ ಒಂದಕ್ಕೂ 3 ಅಂಕ: ‘ಬೇರೆ ಕಾಯಿಲೆಗಿಂತ ಇದೇ ಇರಬಹುದು’ ಎಂದು ವೈದ್ಯರಿಗೆ ಅನ್ನಿಸುವುದು. ಲೆಕ್ಕದಂತೆ ಕಾಣುವ ಈ ಪಟ್ಟಿಯ ಅತಿ ಭಾರದ ಎರಡು ಅಂಶಗಳಲ್ಲಿ ಒಂದು ಬ್ರಿಸ್ಟಲ್‌ನ ಅದೇ ಹಳೆಯ ಅಂದಾಜು.

ಜೊತೆಗೆ ಡಿ-ಡೈಮರ್ ಎಂಬ ರಕ್ತಪರೀಕ್ಷೆ ಸೇರಿಕೊಂಡಿತು. ಹೆಪ್ಪು ಕರಗುವಾಗ ಉಳಿಯುವ ಪ್ರೋಟೀನ್ ತುಣುಕು ಇದು. ಸೋಂಕು, ಗರ್ಭಾವಸ್ಥೆ, ಶಸ್ತ್ರಕ್ರಿಯೆ, ವಯಸ್ಸು, ಎಲ್ಲದರಲ್ಲೂ ಏರುತ್ತದೆ; ಆದ್ದರಿಂದ ಏರಿದರೆ ಏನನ್ನೂ ಸಾಬೀತು ಮಾಡದು, ಏರದಿದ್ದರೆ ಬಹಳಷ್ಟು ಹೇಳುತ್ತದೆ. ಕೆನಡಾದ ನಾಲ್ಕು ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗಗಳಿಗೆ ಬಂದ 930 ಮಂದಿಯ ಅಧ್ಯಯನವನ್ನು ವೆಲ್ಸ್ 2001ರಲ್ಲಿ ಪ್ರಕಟಿಸಿದರು. ಅಂಕ ಕಡಿಮೆ ಇದ್ದು ಡಿ-ಡೈಮರ್ ಕೂಡ ಏರದಿದ್ದ 437 ಮಂದಿಯಲ್ಲಿ ನಂತರದ ದಿನಗಳಲ್ಲಿ ಎಂಬಾಲಿಸಂ ಕಂಡದ್ದು ಒಬ್ಬರಲ್ಲಿ. ಡಿ-ಡೈಮರ್ ಏರಿದೆ ಎನ್ನಲು ಬಳಸುವ 500ರ ಮಿತಿ ವಯಸ್ಸಾದವರಿಗೆ ತೀರಾ ಬಿಗಿಯಾಯಿತೆಂದು 2014ರ ಯುರೋಪಿನ ಅಧ್ಯಯನವೊಂದು ತೋರಿಸಿತು: ಐವತ್ತು ದಾಟಿದವರಿಗೆ ವಯಸ್ಸನ್ನು ಹತ್ತರಿಂದ ಗುಣಿಸಿದರೆ ಸಾಕು, 78ರ ಅಜ್ಜನಿಗೆ 780.

ಯಾರಿಗೆ ಸ್ಕ್ಯಾನ್ ಬೇಕೆಂದು ಹೀಗೆ ಮೊದಲೇ ಸೋಸುವ ಎಚ್ಚರಿಕೆ ಬೇಕಾದದ್ದು ಸಿ.ಟಿ. ಸ್ಕ್ಯಾನ್‌ನಿಂದಾಗಿ. 1992ರಲ್ಲಿ ಫ್ರಾನ್ಸಿನ ಲೀಲ್ ನಗರದ ರೇಡಿಯಾಲಜಿಸ್ಟರು ಸ್ಪೈರಲ್ ಸಿ.ಟಿ.ಯಲ್ಲಿ ಹೆಪ್ಪನ್ನು ನೇರವಾಗಿ ತೋರಿಸಿದ ಮೇಲೆ ಕೆಲವೇ ವರ್ಷಗಳಲ್ಲಿ ಅದು ದೊಡ್ಡ ಆಸ್ಪತ್ರೆಗಳ ದಿನಚರಿಯಾಯಿತು. ಅಮೆರಿಕದಲ್ಲಿ 1998ರಿಂದ 2006ರೊಳಗೆ ಎಂಬಾಲಿಸಂ ಪತ್ತೆಯಾದವರ ಪ್ರಮಾಣ ಲಕ್ಷಕ್ಕೆ 62ರಿಂದ 112ಕ್ಕೆ ಜಿಗಿಯಿತು. ಸಾವಿನ ಪ್ರಮಾಣ ಮಾತ್ರ 12ರ ಆಸುಪಾಸಿನಲ್ಲೇ ನಿಂತಿತು. ಯಾರನ್ನೂ ಕೊಲ್ಲದ ಸಣ್ಣ ಹೆಪ್ಪುಗಳೂ ಕಣ್ಣಿಗೆ ಬೀಳತೊಡಗಿದ್ದವು. ಒಂದೊಂದು ಪತ್ತೆಯ ಹಿಂದೆಯೂ ತಿಂಗಳುಗಟ್ಟಲೆ ಔಷಧ, ಆ ಔಷಧದಿಂದ ರಕ್ತಸ್ರಾವದ ಭಯ.

ಹಾಗಾದರೆ ಯಾರನ್ನು ಹುಡುಕಬಾರದು? ಈ ಪ್ರಶ್ನೆ ಎತ್ತಿದವರು ಉತ್ತರ ಕೆರೊಲಿನಾದ ಷಾರ್ಲಟ್ ನಗರದಲ್ಲಿದ್ದ ತುರ್ತು ಚಿಕಿತ್ಸಾ ವೈದ್ಯ ಜೆಫ್ರಿ ಕ್ಲೈನ್. ಕಾಯಿಲೆಯ ಸಂಭವ ಶೇಕಡಾ 2ಕ್ಕಿಂತ ಕೆಳಗಿದ್ದರೆ ಪರೀಕ್ಷೆಯಿಂದಾಗುವ ಹಾನಿಯೇ ಹೆಚ್ಚೆಂದು ಅವರು ಲೆಕ್ಕ ಹಾಕಿದರು. 2004ರಲ್ಲಿ ‘ಪರ್ಕ್’ ಎಂಬ ಎಂಟು ಪ್ರಶ್ನೆಗಳ ನಿಯಮ ಕೊಟ್ಟರು: ವಯಸ್ಸು ಐವತ್ತರೊಳಗೆ, ನಾಡಿ ನೂರರೊಳಗೆ, ಆಮ್ಲಜನಕ 95 ಅಥವಾ ಮೇಲೆ, ಕಫದಲ್ಲಿ ರಕ್ತವಿಲ್ಲ, ಈಸ್ಟ್ರೊಜೆನ್ ಮಾತ್ರೆ ಇಲ್ಲ, ಹಿಂದೆ ಹೆಪ್ಪಿನ ಕಾಯಿಲೆ ಇಲ್ಲ, ಒಂದೇ ಕಾಲಿನ ಬಾವು ಇಲ್ಲ, ಇತ್ತೀಚಿನ ಶಸ್ತ್ರಕ್ರಿಯೆ ಅಥವಾ ದೊಡ್ಡ ಪೆಟ್ಟು ಇಲ್ಲ. ಎಂಟೂ ಹೊಂದಿ, ವೈದ್ಯರ ಗುಮಾನಿಯೂ ಕಡಿಮೆಯಿದ್ದರೆ ಡಿ-ಡೈಮರ್ ಕೂಡ ಬೇಡ. 2008ರಲ್ಲಿ 8,138 ರೋಗಿಗಳಲ್ಲಿ ಪರೀಕ್ಷಿಸಿದಾಗ, ಹೀಗೆ ಕೈಬಿಡಬಹುದಾಗಿದ್ದವರಲ್ಲಿ ತಪ್ಪಿದ್ದು ಶೇಕಡಾ 1ರಷ್ಟು.

ಅಟ್ಲಾಂಟಿಕ್ ದಾಟಿದಾಗ ನಿಯಮ ಎಡವಿತು. ಯುರೋಪಿನಲ್ಲಿ ಪರೀಕ್ಷೆಗೆ ಒಳಗಾಗುವವರಲ್ಲಿ ಕಾಯಿಲೆಯ ಪ್ರಮಾಣ ಅಮೆರಿಕಕ್ಕಿಂತ ಬಹಳ ಹೆಚ್ಚು. ಅಲ್ಲಿನ ಹಳೆಯ ಮಾಹಿತಿಗೆ ಪರ್ಕ್ ಹಚ್ಚಿ ನೋಡಿದಾಗ, ‘ಸುರಕ್ಷಿತ’ ಎನಿಸಿದವರಲ್ಲೂ ಶೇಕಡಾ 5ಕ್ಕಿಂತ ಹೆಚ್ಚು ಮಂದಿಗೆ ಹೆಪ್ಪಿತ್ತು. ಕೊನೆಗೆ ಫ್ರಾನ್ಸಿನ 14 ತುರ್ತು ವಿಭಾಗಗಳು 1,916 ರೋಗಿಗಳಲ್ಲಿ ಅದನ್ನು ನೇರವಾಗಿ ಪ್ರಯೋಗಿಸಿ 2018ರಲ್ಲಿ ವರದಿ ಮಾಡಿದವು. ಈ ಸಲ ರೋಗಿಗಳನ್ನು ಆರಿಸಿದ್ದು ಅಂಕಪಟ್ಟಿಯಿಂದಲ್ಲ, ಸಂಭವ ಕಡಿಮೆ ಎಂಬ ವೈದ್ಯರ ಸ್ವಂತ ಅಂದಾಜಿನಿಂದ. ಸಿ.ಟಿ. ಮಾಡಿಸಿಕೊಂಡವರು ಪರ್ಕ್ ಬಳಸದ ಗುಂಪಿನಲ್ಲಿ ಶೇಕಡಾ 23, ಬಳಸಿದ ಗುಂಪಿನಲ್ಲಿ 13. ಪರ್ಕ್ ಗುಂಪಿನಲ್ಲಿ ಮೂರು ತಿಂಗಳಲ್ಲಿ ತಪ್ಪಿಹೋಗಿದ್ದು ಒಂದೇ ಪ್ರಕರಣ.

ಈ ಅಂಕಗಳನ್ನು ಕನ್ನಡ ನಾಡಿನ ಆಸ್ಪತ್ರೆಗಳಲ್ಲಿ ಬಳಸುವವರು ಯುರೋಪಿನ ಈ ಅನುಭವವನ್ನು ಮನಸ್ಸಿನಲ್ಲಿಡಬೇಕು. ಕಫದಲ್ಲಿ ರಕ್ತ ಕಂಡರೆ ಮೊದಲು ಕ್ಷಯವನ್ನು ನೆನೆಯುವ ಊರುಗಳಲ್ಲಿ ಆ ಲಕ್ಷಣಕ್ಕೆ ಕೆನಡಾ ಕೊಟ್ಟ 1 ಅಂಕ ಅಷ್ಟೇ ಬೆಲೆ ಬಾಳುತ್ತದೆಯೇ ಎಂಬುದನ್ನು ಇಲ್ಲಿನ ರೋಗಿಗಳಲ್ಲೇ, ಇಲ್ಲಿನ ತುರ್ತು ವಿಭಾಗಗಳಲ್ಲೇ ಅಳೆಯಬೇಕಾಗಿದೆ.