ಖಾಲಿ ಪ್ಯಾಕೆಟ್ಟಿನ ಬಾಕಿ

ಹುಣಸೂರಿನ ಸುತ್ತಿನ ಹಳ್ಳಿಗಳಲ್ಲಿ ಕೈಗೆ ದುಡ್ಡು ಬರುತ್ತಿದ್ದದ್ದು ಹೊಗೆಸೊಪ್ಪಿನ ಹರಾಜು ನಡೆಯುವ ತಿಂಗಳುಗಳಲ್ಲಿ. ಅಂಗಡಿಗಳಿಗೆ ಹೊಸ ಮಾಲು ಬರುತ್ತಿದ್ದದ್ದೂ, ಮಾಲಿನ ಬೆನ್ನಿಗೆ ‘ಸ್ಕೀಮು’ ಬರುತ್ತಿದ್ದದ್ದೂ ಆಗಲೇ. ಟೀ ಪುಡಿಯ ಖಾಲಿ ಪ್ಯಾಕೆಟ್ ಕೂಡಿಸಿ ಕಳಿಸಿದರೆ ಸ್ಟೀಲ್ ಲೋಟ, ಸೋಪಿನ ಕವರ್ ಕಳಿಸಿದರೆ ಇಷ್ಟು ರೂಪಾಯಿ ವಾಪಸ್, ಡಬ್ಬಿಯ ಮೇಲಿನ ಚೀಟಿ ಕತ್ತರಿಸಿ ಕಳಿಸಿದರೆ ಮುಂದಿನ ಖರೀದಿಗೆ ರಿಯಾಯಿತಿ. ನಾನು ಆ ತಾಲ್ಲೂಕಿನ ಒಂದು ಹಳ್ಳಿಯ ಶಾಖಾ ಅಂಚೆ ಕಚೇರಿಯಲ್ಲಿ ಪೋಸ್ಟ್‌ಮಾಸ್ಟರ್ ಆಗಿದ್ದೆ. ಇಲಾಖೆಯ ಲೆಕ್ಕದಲ್ಲಿ ಇ.ಡಿ., ಅಂದರೆ ಇಲಾಖೇತರ ನೌಕರ. ಆ ಲಕೋಟೆಗಳೆಲ್ಲ ನನ್ನ ಕೈಯಲ್ಲಿ ಮುದ್ರೆ ಹಾಕಿಸಿಕೊಂಡೇ ಹೋಗುತ್ತಿದ್ದವು. ಮುಟ್ಟಿದರೆ ಗೊತ್ತಾಗುತ್ತಿತ್ತು, ಒಳಗಿರುವುದು ಕಾಗದವಲ್ಲ, ಮಡಿಚಿದ ಪ್ಯಾಕೆಟ್ಟು ಎಂದು. ಸೋಪಿನದಾದರೆ ಚೀಲವೆಲ್ಲ ಘಮ್ಮೆನ್ನುತ್ತಿತ್ತು.

ಹೋದ ಲಕೋಟೆಗಳನ್ನೂ ಕಂಡೆ, ಉತ್ತರವಾಗಿ ಬಂದ ಮನಿಯಾರ್ಡರು, ಪಾರ್ಸಲ್ಲುಗಳನ್ನೂ ಕಂಡೆ. ಹೋದದ್ದು ಬಹಳ, ಬಂದದ್ದು ಕಡಿಮೆ. ಹೆಣ್ಣುಮಕ್ಕಳು ಕೂಲಿಗೆ ಹೋಗುವ ದಾರಿಯಲ್ಲಿ ಬಾಗಿಲ ಬಳಿ ನಿಂತು, ‘ನಮ್ದೇನಾರ ಬಂತಾ ಮಾಸ್ಟ್ರೇ?’ ಎಂದು ಕೇಳುವರು. ಕೆಲವು ವಾರ ಕೇಳಿ, ಆಮೇಲೆ ಕೇಳುವುದನ್ನು ಬಿಡುವರು. ಸ್ಕೀಮಿನ ಲೆಕ್ಕಾಚಾರ ನಿಂತಿದ್ದದ್ದೇ ಇದರ ಮೇಲೆ. ಆಸೆಯಿಂದ ಕೊಂಡವರೆಲ್ಲ ಪ್ಯಾಕೆಟ್ ಕೂಡಿಡುವುದಿಲ್ಲ, ಕೂಡಿಟ್ಟವರೆಲ್ಲ ಕಳಿಸುವುದಿಲ್ಲ, ಕಳಿಸಿ ಮೋಸಹೋದವರು ಐದು ರೂಪಾಯಿಗಾಗಿ ಊರು ಬಿಟ್ಟು ಹೋಗಿ ಜಗಳ ಮಾಡುವುದಿಲ್ಲ. ಮಾತು ಕೊಟ್ಟವನು ದೂರದಲ್ಲಿದ್ದಾನೆ, ಮೊತ್ತ ಸಣ್ಣದು. ಇವೆರಡೂ ಕೂಡಿದರೆ ಬಾಕಿ ತಾನಾಗಿ ಸತ್ತುಹೋಗುತ್ತದೆ. ನಮ್ಮ ದೇಶದ ಗ್ರಾಹಕ ಕಾನೂನಿನ ಚರಿತ್ರೆಯನ್ನು ನಾನು ಹೀಗೆಯೇ ಓದಿಕೊಂಡಿದ್ದೇನೆ. ಯಾವ ಕಾಯ್ದೆ ಈ ದೂರವನ್ನು ಕಡಿಮೆ ಮಾಡಿತೋ ಅದು ಜನರಿಗೆ ದಕ್ಕಿತು. ಉಳಿದದ್ದು ಪುಸ್ತಕದಲ್ಲಿ ಉಳಿಯಿತು.

ಕೊಟ್ಟ ಮಾತಿಗೆ ಬೆಲೆಯಿದೆ ಎಂದು ಕಾನೂನು ಹೇಳಿದ್ದು ನಿನ್ನೆ ಮೊನ್ನೆಯಲ್ಲ. 1872ರ ಕರಾರು ಕಾಯ್ದೆಯ 8ನೇ ಕಲಮಿನ ಪ್ರಕಾರ, ಒಬ್ಬರು ಹಾಕಿದ ಷರತ್ತನ್ನು ಇನ್ನೊಬ್ಬರು ನಡೆಸಿಕೊಟ್ಟರೆ ಅದೇ ಒಪ್ಪಿಗೆ. ಪ್ಯಾಕೆಟ್ ಕಳಿಸಿದ ಕ್ಷಣಕ್ಕೆ ಕರಾರು ಕುದುರಿತು, ಕಂಪನಿ ಸಾಲಗಾರನಾಯಿತು. ಇಂಗ್ಲೆಂಡಿನಲ್ಲಿ 1892ರಲ್ಲಿ ಕಾರ್ಲಿಲ್ ಎಂಬ ಹೆಣ್ಣುಮಗಳು ಇದನ್ನೇ ಸಾಧಿಸಿಕೊಂಡಳು. ತಮ್ಮ ಔಷಧಿಯನ್ನು ಹೇಳಿದ ಹಾಗೆ ಬಳಸಿಯೂ ಜ್ವರ ಬಂದರೆ 100 ಪೌಂಡ್ ಕೊಡುತ್ತೇವೆಂದು ಜಾಹೀರಾತು ಕೊಟ್ಟಿದ್ದ ಕಂಪನಿ, ಅದೆಲ್ಲ ಬರೀ ಪ್ರಚಾರದ ಮಾತು ಎಂದು ವಾದಿಸಿತ್ತು. ನ್ಯಾಯಾಲಯ ಒಪ್ಪಲಿಲ್ಲ, ದುಡ್ಡು ಕೊಡಿಸಿತು. ಆದರೆ ಅದು 100 ಪೌಂಡಿನ ವ್ಯಾಜ್ಯ. ನಮ್ಮೂರಿನ ಐದು ರೂಪಾಯಿಗೆ ಸ್ಟಾಂಪು, ವಕೀಲರು, ವಾಯಿದೆ ಎಂದು ಹೊರಟರೆ ಗೆದ್ದವನೂ ಸೋತಂತೆ.

ಕೂಪನ್ನಿನ ಹಿಂಬದಿಯ ಸಣ್ಣ ಅಕ್ಷರಗಳು ಈ ದೂರವನ್ನು ಇನ್ನಷ್ಟು ಹೆಚ್ಚಿಸುತ್ತಿದ್ದವು. ವ್ಯಾಜ್ಯಗಳೇನಿದ್ದರೂ ಇಂಥ ನಗರದ ನ್ಯಾಯಾಲಯದ ವ್ಯಾಪ್ತಿಗೆ ಮಾತ್ರ. ಮೂಲ ಬಿಲ್ಲು, ಮೂಲ ಪ್ಯಾಕೆಟ್ಟನ್ನೇ ಕಳಿಸಬೇಕು. ಸಾದಾ ಅಂಚೆಯಲ್ಲಿ ಮಾತ್ರ ಕಳಿಸಬೇಕು. ಅಂಚೆಯಲ್ಲಿ ತಡವಾದದ್ದಕ್ಕೆ, ಕಳೆದುಹೋದದ್ದಕ್ಕೆ ಕಂಪನಿ ಹೊಣೆಯಲ್ಲ. ಇವನ್ನು ಒಂದರ ಕೆಳಗೊಂದು ಇಟ್ಟು ಓದಿದರೆ ಅರ್ಥವಾಗುತ್ತದೆ: ಕೇಳುವ ಹಕ್ಕನ್ನು ಚಲಾಯಿಸಬೇಕಾದರೆ ಇರುವ ಸಾಕ್ಷಿಯನ್ನೆಲ್ಲ ಎದುರಾಳಿಯ ಕೈಗೇ ಕೊಟ್ಟುಬಿಡಬೇಕು. ಕೊಟ್ಟದ್ದಕ್ಕೂ ಗುರುತಿಲ್ಲ. ಕೇಳಿದರೆ ತಪ್ಪು ಅಂಚೆಯದು. ನನಗೆ ಸಿಟ್ಟು ಬರುತ್ತಿದ್ದದ್ದು ಇಲ್ಲಿ. ಬಿಸಿಲು ಮಳೆ ಎನ್ನದೆ ಚೀಲ ಹೊತ್ತು ಹೋಗುತ್ತಿದ್ದ ನಮ್ಮ ರನ್ನರ್, ಕಂಪನಿಯ ಮಾತು ತಪ್ಪಿದ್ದಕ್ಕೆ ಊರವರ ಎದುರು ತಲೆ ತಗ್ಗಿಸಬೇಕಾಗಿತ್ತು. ಲಕೋಟೆ ಹಾಕಿದ್ದಕ್ಕೆ ಮುದ್ರೆ ಒತ್ತಿದ ಚೀಟಿ ಕೊಡುವ ಸರ್ಟಿಫಿಕೇಟ್ ಆಫ್ ಪೋಸ್ಟಿಂಗ್ ಎಂಬ ಅಗ್ಗದ ವ್ಯವಸ್ಥೆ ಆಗ ಇತ್ತು. ಅದನ್ನು ತೆಗೆದುಕೊಳ್ಳಿ, ಬಿಲ್ಲಿನ ಸಂಖ್ಯೆ ಬರೆದಿಟ್ಟುಕೊಳ್ಳಿ ಎಂದು ಬಂದವರಿಗೆಲ್ಲ ಹೇಳುತ್ತಿದ್ದೆ. ಇಲಾಖೆ 2011ರಲ್ಲಿ ಆ ಚೀಟಿಯನ್ನೂ ನಿಲ್ಲಿಸಿತು.

ಇದಕ್ಕಿಂತ ಕೆಟ್ಟದ್ದು ದುಡ್ಡು ಕಟ್ಟಿ ಬಿಡಿಸಿಕೊಳ್ಳುವ ವಿ.ಪಿ. ಪಾರ್ಸಲ್ಲಿನದು. ವಾರಪತ್ರಿಕೆಗಳ ಹಿಂದಿನ ಪುಟಗಳಲ್ಲಿ ಒಂಬತ್ತು ಮನೆಯ ಅಂಕಿ ಚೌಕ ಇರುತ್ತಿತ್ತು. ಯಾವ ಕಡೆಯಿಂದ ಕೂಡಿದರೂ 15 ಬರುವಂತೆ ತುಂಬಿ ಕಳಿಸಿದರೆ ಬಹುಮಾನ. ಶಾಲೆಯ ಹುಡುಗರೂ ಬಿಡಿಸಬಹುದಾದ ಲೆಕ್ಕ. ಕಳಿಸಿದವರಿಗೆಲ್ಲ ಉತ್ತರ ಬರುತ್ತಿತ್ತು: ನೀವು ಗೆದ್ದಿದ್ದೀರಿ, ರೇಡಿಯೊ ನಿಮಗೆ ಅರ್ಧ ಬೆಲೆಗೆ, ಆ ಅರ್ಧವನ್ನು ವಿ.ಪಿ. ಬಿಡಿಸಿಕೊಳ್ಳುವಾಗ ಕಟ್ಟಿ. ನಮ್ಮೂರಿನ ಹುಡುಗನೊಬ್ಬ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನಲ್ಲಿ ರಾತ್ರಿ ಬೆಂಕಿ ಕಾದ ಕೂಲಿಯನ್ನು ತಂದು ನನ್ನ ಮೇಜಿನ ಮೇಲಿಟ್ಟು ಪಾರ್ಸಲ್ ಬಿಡಿಸಿಕೊಂಡ. ದುಡ್ಡು ಕಟ್ಟುವ ಮೊದಲು ಬಿಚ್ಚಿ ನೋಡಲು ನಿಯಮದಲ್ಲಿ ಅವಕಾಶವಿರಲಿಲ್ಲ. ಬಿಚ್ಚಿದಾಗ ಒಳಗಿದ್ದದ್ದು ಪ್ಲಾಸ್ಟಿಕ್ಕಿನ ಆಟಿಕೆ.

1898ರ ಅಂಚೆ ಕಚೇರಿ ಕಾಯ್ದೆಯಲ್ಲಿ ಇದಕ್ಕೂ ಮದ್ದಿತ್ತು. ನಿಜವಾದ ಆರ್ಡರಿನ ಮೇಲೆಯೇ ಕಳಿಸುತ್ತಿದ್ದೇನೆ ಎಂದು ವಿ.ಪಿ. ಕಳಿಸುವವನಿಂದ ಹೇಳಿಕೆ ಪಡೆಯಬಹುದಿತ್ತು. ವಂಚನೆ ಕಂಡರೆ ವಸೂಲಾದ ಹಣವನ್ನು ತಡೆಹಿಡಿದು ವಿಳಾಸದಾರನಿಗೆ ಹಿಂದಿರುಗಿಸುವ ನಿಯಮ ಮಾಡುವ ಅಧಿಕಾರವೂ ಸರ್ಕಾರಕ್ಕಿತ್ತು. ಆ ಹುಡುಗನ ಪರವಾಗಿ ನಾನೇ ದೂರು ಬರೆದೆ. ದೂರು ಮೇಲಕ್ಕೆ ಹೋಗುವಷ್ಟರಲ್ಲಿ ಮನಿಯಾರ್ಡರು ಪಾರ್ಸಲ್ ಕಳಿಸಿದವನ ಕೈ ಸೇರಿತ್ತು. ನಿಯಮ ಒಳ್ಳೆಯದೇ, ದುಡ್ಡು ಮಾತ್ರ ನಿಯಮಕ್ಕಿಂತ ಬೇಗ ಓಡುತ್ತಿತ್ತು.

ನಮ್ಮ ಸೀಮೆಗೆ 1984 ಮರೆಯಬಾರದ ವರ್ಷ. ಅಲ್ಲಿಯವರೆಗೆ ಹೊಗೆಸೊಪ್ಪಿಗೆ ಕೊಳ್ಳುವವರು ಹೇಳಿದ್ದೇ ಬೆಲೆ, ಕೊಟ್ಟಾಗಲೇ ದುಡ್ಡು. ಆ ವರ್ಷ ತಂಬಾಕು ಮಂಡಳಿ ಕರ್ನಾಟಕದಲ್ಲಿ ಹರಾಜು ಪದ್ಧತಿ ತಂದಿತು. ಕಟ್ಟೆಮಳಲವಾಡಿಯಲ್ಲಿ, ಚಿಲ್ಕುಂದದಲ್ಲಿ, ಪಿರಿಯಾಪಟ್ಟಣದ ಕಂಪಲಾಪುರದಲ್ಲಿ ಬೇಲುಗಳ ಸಾಲಿನ ನಡುವೆ ರೈತನ ಎದುರಿಗೇ ಬೆಲೆ ಕೂಗುವ ಕಾಲ ಬಂತು. ಮಾರುವ ಕಡೆ ಬೆಲೆ ಬೆಳಕಿಗೆ ಬಂದ ಆ ವರ್ಷವೇ ಕೊಳ್ಳುವ ಕಡೆಗೂ ಒಂದು ಕಾನೂನು ಬಂತು. ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ 1978ರಲ್ಲಿ ಕೊಟ್ಟ ವರದಿಯ ಮೇಲೆ, 1969ರ ಏಕಸ್ವಾಮ್ಯ ತಡೆ ಕಾಯ್ದೆಗೆ 36ಎ ಕಲಮು ಸೇರಿ 1984ರ ಆಗಸ್ಟ್ 1ರಿಂದ ಜಾರಿಯಾಯಿತು. ಅನುಚಿತ ವ್ಯಾಪಾರ ಪದ್ಧತಿ ಯಾವುದು ಎಂದು ಅಲ್ಲಿ ಹೆಸರಿಟ್ಟು ಹೇಳಿದರು. ಕೊಡುವ ಉದ್ದೇಶವಿಲ್ಲದೆ ಉಡುಗೊರೆ, ಬಹುಮಾನದ ಆಸೆ ತೋರಿಸುವುದು ಅನುಚಿತ. ಬೆಲೆಯೊಳಗೇ ಪೂರ್ತಿಯೋ ಅರ್ಧವೋ ವಸೂಲು ಮಾಡಿಕೊಂಡು ‘ಪುಕ್ಕಟೆ’ ಎನ್ನುವುದೂ ಅನುಚಿತ.

ಆ ಎರಡನೇ ಮಾತನ್ನು ನಾನು ಬಹಳ ದೊಡ್ಡದೆಂದು ತಿಳಿದಿದ್ದೇನೆ. ಉಡುಗೊರೆ ಕಂಪನಿಯ ದಾನವಲ್ಲ, ಅದು ಬೆಲೆಯ ಭಾಗ ಎಂದು ಕಾನೂನು ಮೊದಲ ಸಲ ಬಾಯಿಬಿಟ್ಟು ಹೇಳಿತು. ಬರಬೇಕಾದ ಲೋಟವನ್ನು ಕೇಳಲು ನಾಚುತ್ತಿದ್ದ ಹೆಣ್ಣುಮಕ್ಕಳಿಗೆ ನಾನು ಇದನ್ನೇ ಹೇಳುತ್ತಿದ್ದೆ: ‘ನೀವು ಬೇಡ್ತಿಲ್ಲ ಕಣ್ರವ್ವ, ನಿಮ್ಮ ದುಡ್ಡು ನೀವು ಕೇಳ್ತಿದೀರಿ.’ ಆದರೆ ಆಗ ಕೇಳಬೇಕಾದ ಜಾಗ ಎಲ್ಲಿತ್ತು? ಆ ಕಾಯ್ದೆಯ ದೂರು ಕೇಳುತ್ತಿದ್ದ ಏಕಸ್ವಾಮ್ಯ ಆಯೋಗ ದಿಲ್ಲಿಯಲ್ಲಿತ್ತು.

ದಿಲ್ಲಿಯನ್ನು ಮೈಸೂರಿಗೆ ತಂದದ್ದು 1986ರ ಗ್ರಾಹಕ ರಕ್ಷಣಾ ಕಾಯ್ದೆ. ಆ ವರ್ಷ ಡಿಸೆಂಬರ್ 24ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಆ ದಿನವನ್ನೇ ಇಂದಿಗೂ ರಾಷ್ಟ್ರೀಯ ಗ್ರಾಹಕರ ದಿನವೆಂದು ಆಚರಿಸುತ್ತೇವೆ. ಜಿಲ್ಲೆಗೊಂದು ವೇದಿಕೆ, ಬಿಳಿ ಹಾಳೆಯ ಮೇಲೆ ಬರೆದ ದೂರು ಸಾಕು, ವಕೀಲರು ಬೇಕೆಂದಿಲ್ಲ, ಆರಂಭದಲ್ಲಿ ಶುಲ್ಕವೂ ಇರಲಿಲ್ಲ. ಒಂದೇ ಬಗೆಯ ನಷ್ಟವಾದ ಹಲವರು ಸೇರಿ ಒಂದೇ ದೂರು ಕೊಡಬಹುದು, ಗ್ರಾಹಕ ಸಂಘಗಳೂ ಕೊಡಬಹುದು. ಸಣ್ಣ ಮೊತ್ತದ ಮೋಸಕ್ಕೆ ಇದು ಸರಿಯಾದ ಉತ್ತರವಾಗಿತ್ತು. ಮೈಸೂರಿನಲ್ಲಿ ಗ್ರಾಹಕರ ಪರಿಷತ್ತಿನಂಥ ಸಂಸ್ಥೆಗಳು ಈ ಅರಿವನ್ನು ಹರಡಿದವು. ಹಾಗಿದ್ದೂ ಹುಣಸೂರಿನಿಂದ ಮೈಸೂರಿಗೆ 45 ಕಿಲೊಮೀಟರ್. ಹೆಗ್ಗಡದೇವನಕೋಟೆಯವರಿಗೂ, ಪಿರಿಯಾಪಟ್ಟಣದವರಿಗೂ ಅದಕ್ಕಿಂತ ದೂರ. ಒಂದು ವಾಯಿದೆಗೆ ಒಂದು ದಿನದ ಕೂಲಿ, ಬಸ್ಸಿನ ಚಾರ್ಜು. ಟಿ.ವಿ., ಪಂಪ್‌ಸೆಟ್ಟು, ಬಿತ್ತನೆ ಬೀಜದ ನಷ್ಟಕ್ಕೆ ಈ ದಾರಿ ಹತ್ತಿರವಾಯಿತು. ಸೋಪಿನ ಕವರಿಗೆ ಅದೂ ದೂರವೇ.

ಬಹುಮಾನದ ಕಲಮಿಗೆ ನ್ಯಾಯಾಲಯಗಳು ಕೊಟ್ಟ ಅರ್ಥವೂ ಒಂದೇ ತೆರನಾಗಿ ಉಳಿಯಲಿಲ್ಲ. ಹಾರ್ಲಿಕ್ಸ್ ಬಾಟಲಿಯೊಳಗೆ ಬಹುಮಾನದ ಚೀಟಿ ಇಟ್ಟ ಯೋಜನೆಯೊಂದು ಏಕಸ್ವಾಮ್ಯ ಆಯೋಗದಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಕೆಲವು ಬಾಟಲಿಗಳಲ್ಲಿ ಚೀಟಿ ಇದ್ದ ಮಾತ್ರಕ್ಕೆ ಅದು ಲಾಟರಿಯಲ್ಲ, ಗ್ರಾಹಕನಿಗೆ ನಷ್ಟವಾದದ್ದು ಕಾಣಬೇಕು ಎಂದು 1998ರಲ್ಲಿ ತೀರ್ಪಾಗಿ ಕಂಪನಿ ಗೆದ್ದಿತು. 2007ರ ಕೌನ್ ಬನೇಗಾ ಕರೋಡ್‌ಪತಿ ಸ್ಪರ್ಧೆಯಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 2.40 ರೂಪಾಯಿ ಪಡೆದದ್ದರ ಮೇಲೆ ದೂರು ದಾಖಲಾದಾಗ, ಬಹುಮಾನದ ಹಣ ವೀಕ್ಷಕರಿಂದಲೇ ವಸೂಲಾಗಿದೆ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ 1 ಕೋಟಿ ರೂಪಾಯಿ ದಂಡ ವಿಧಿಸಿತು. ಅದಕ್ಕೆ ಪುರಾವೆಯಿಲ್ಲವೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಆ ಆದೇಶವನ್ನು ರದ್ದುಮಾಡಿತು. ಎರಡರಿಂದಲೂ ನಾನು ಕಲಿತ ಪಾಠ ಒಂದೇ: ಪುಕ್ಕಟೆಯ ಹಿಂದಿನ ಲೆಕ್ಕದ ಪುಸ್ತಕ ಕಂಪನಿಯ ಬಳಿ ಇರುತ್ತದೆ, ರುಜುವಾತು ಮಾಡುವ ಹೊರೆ ಮಾತ್ರ ಕೊಂಡವನ ಮೇಲೆ.

ಗ್ರಾಹಕ ರಕ್ಷಣಾ ಕಾಯ್ದೆಯ 2002ರ ತಿದ್ದುಪಡಿ ಈ ಕತ್ತಲಿಗೆ ಸ್ವಲ್ಪ ಬೆಳಕು ತಂದಿತು. ಯೋಜನೆ ಮುಗಿದ ಮೇಲೆ ಅಂತಿಮ ಫಲಿತಾಂಶವನ್ನು ಭಾಗವಹಿಸಿದವರಿಗೆ ತಿಳಿಸದಿರುವುದೂ ಅನುಚಿತ ವ್ಯಾಪಾರ ಪದ್ಧತಿ ಎಂದಾಯಿತು. ಯಾವ ಪತ್ರಿಕೆಯಲ್ಲಿ ಯೋಜನೆಯ ಜಾಹೀರಾತು ಬಂದಿತ್ತೋ ಅದೇ ಪತ್ರಿಕೆಯಲ್ಲಿ, ಎದ್ದು ಕಾಣುವಂತೆ ಫಲಿತಾಂಶ ಅಚ್ಚಾದರೆ ತಿಳಿಸಿದಂತೆ. ಆಸೆ ಹಚ್ಚಿದ ಪುಟದಲ್ಲೇ ಲೆಕ್ಕ ಒಪ್ಪಿಸಬೇಕು ಎಂಬ ಈ ನಿಯಮ ನ್ಯಾಯವಾದದ್ದು.

2019ರ ಹೊಸ ಗ್ರಾಹಕ ರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂತು. ನನ್ನ ಲೆಕ್ಕದಲ್ಲಿ ಅದರ ಅತಿ ದೊಡ್ಡ ಕೆಲಸ 34ನೇ ಕಲಮಿನಲ್ಲಿದೆ: ದೂರು ಕೊಡುವವನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವ್ಯಾಜ್ಯಗಳೇನಿದ್ದರೂ ಇಂಥ ನಗರದಲ್ಲಿ ಎಂಬ ಆ ಹಳೆಯ ಸಾಲನ್ನು ಮುಂದೆ ಹಿಡಿದು ಹಳ್ಳಿಯವನನ್ನು ಹೆದರಿಸುವ ಕಾಲ ಅಲ್ಲಿಗೆ ಮುಗಿಯಿತು. 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ. 2020ರ ಸೆಪ್ಟೆಂಬರಿನಲ್ಲಿ ಆರಂಭವಾದ ಇ-ದಾಖಿಲ್ ಮೂಲಕ ಮನೆಯಿಂದಲೇ ದೂರು ಸಲ್ಲಿಸುವ ದಾರಿ ತೆರೆಯಿತು. ಅದಕ್ಕೂ ಮೊದಲ ಹೆಜ್ಜೆಯಾಗಿ 1915 ಎಂಬ ಸಹಾಯವಾಣಿಗೆ ಕನ್ನಡದಲ್ಲೇ ಹೇಳಿಕೊಳ್ಳಬಹುದು. ಬಿಲ್ಲು ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿಯ ಪಟ್ಟಿಗೆ ಸೇರಿತು. ತುಂಡು ಕಾಗದದ ಮೇಲೆ ಲೆಕ್ಕ ಹಾಕಿ ಹರಿದುಬಿಡುತ್ತಿದ್ದ ಅಂಗಡಿಗಳನ್ನು ಕಂಡವರಿಗೆ ಇದರ ತೂಕ ಗೊತ್ತು.

2022ರ ಜೂನಿನಲ್ಲಿ ಬಂದ ಜಾಹೀರಾತು ಮಾರ್ಗಸೂಚಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಉತ್ತರ ಕಳಿಸುವ ಮತ್ತು ವಸ್ತುವನ್ನು ತರಿಸಿಕೊಳ್ಳುವ ಅನಿವಾರ್ಯ ಖರ್ಚು ಬಿಟ್ಟು ಬೇರೇನನ್ನಾದರೂ ಕೊಡಬೇಕಾಗಿದ್ದರೆ ಅದನ್ನು ‘ಉಚಿತ’ ಎನ್ನುವಂತಿಲ್ಲ. ಅಂದರೆ ಅಂಚೆಚೀಟಿಯ ಆಚೆಗೆ ಏನೂ ಕೇಳಬಾರದು. ಜಾಹೀರಾತು ಯಾವ ಭಾಷೆಯಲ್ಲಿದೆಯೋ ಷರತ್ತುಗಳೂ ಅದೇ ಭಾಷೆಯಲ್ಲಿರಬೇಕು. ಆಸೆಯನ್ನು ಕನ್ನಡದಲ್ಲಿ ಹುಟ್ಟಿಸಿ ಷರತ್ತನ್ನು ಇಂಗ್ಲಿಷಿನಲ್ಲಿ ಹೇಳಿ ಕೈತೊಳೆದುಕೊಳ್ಳುವುದನ್ನು ಎಷ್ಟೋ ವರ್ಷ ನೋಡಿದ ನನಗೆ ಈ ಒಂದು ಸಾಲಿಗಾಗಿ ಕೈಮುಗಿಯಬೇಕೆನಿಸಿತು.

ಈಗ ಲಕೋಟೆ ಹೋಗಿ ಕ್ಯಾಶ್‌ಬ್ಯಾಕ್ ಬಂದಿದೆ. ಬಿಲ್ಲಿನ ಫೋಟೊ ಕಳಿಸಿ, ಸಂಖ್ಯೆ ತುಂಬಿಸಿ, ದಿನಗಟ್ಟಲೆ ಕಾಯಿರಿ ಎನ್ನುತ್ತಾರೆ. ಸಾಧನ ಬದಲಾಗಿದೆ, ಲೆಕ್ಕ ಅದೇ: ನಡುವೆ ಎಷ್ಟು ಜನ ಕೈಬಿಟ್ಟರೆ ಅಷ್ಟು ಉಳಿತಾಯ. ಅಂಚೆಯ ಮೂಲಕ ರಿಯಾಯಿತಿ ಕೊಡುವ ಪದ್ಧತಿ ಅತಿಯಾಗಿ ಬೆಳೆದ ಅಮೆರಿಕದಲ್ಲಿ ಕನೆಕ್ಟಿಕಟ್ ರಾಜ್ಯ ಇದಕ್ಕೆ ನೇರವಾದ ಮದ್ದು ಕಂಡುಕೊಂಡಿದೆ. ಅಂಗಡಿಯವನು ರಿಯಾಯಿತಿ ಕಳೆದ ಬೆಲೆಯನ್ನು ಜಾಹೀರಾತಿನಲ್ಲಿ ಹಾಕಿದರೆ ಆ ರಿಯಾಯಿತಿಯನ್ನು ಕೊಳ್ಳುವಾಗಲೇ ಕೊಡಬೇಕು. ಆಮೇಲೆ ಕಂಪನಿಯಿಂದ ವಸೂಲು ಮಾಡಿಕೊಳ್ಳುವುದು ಅವನ ಪಾಡು.

ನಮ್ಮ ಕಾನೂನಿನಲ್ಲೂ ಇಷ್ಟೇ ನೇರವಾದ ಒಂದು ಸಾಲು ಬರಬೇಕು ಎಂಬುದು ನನ್ನ ಬೇಡಿಕೆ. ಕಡಿಮೆ ಬೆಲೆಯನ್ನು ದೊಡ್ಡ ಅಕ್ಷರದಲ್ಲಿ ಕೂಗಿದವನು ಆ ಬೆಲೆಯನ್ನು ಗಲ್ಲಾದ ಮುಂದೆಯೇ ತೆಗೆದುಕೊಳ್ಳಲಿ. ಹೊಗೆಸೊಪ್ಪು ಬೆಳೆದವನಿಗೆ ಕಟ್ಟೆಮಳಲವಾಡಿಯ ಹರಾಜಿನಲ್ಲಿ ಬೆಲೆ ಎದುರಿಗೇ ತೀರ್ಮಾನವಾಗುತ್ತದೆ. ಅದೇ ದುಡ್ಡು ಹಿಡಿದು ಅಂಗಡಿಗೆ ಹೋದಾಗಲೂ ಬೆಲೆ ಎದುರಿಗೇ ತೀರ್ಮಾನವಾಗಲಿ. ಹಾಗಾಗುವವರೆಗೆ ಬಿಲ್ಲು ಕೇಳಿ ಪಡೆಯಿರಿ, ಪ್ಯಾಕೆಟ್ಟಿನ ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ, ಜಾಹೀರಾತಿನ ಪುಟವನ್ನು ಎತ್ತಿಡಿ. ದೂರು ಕೊಡಲು ಎರಡು ವರ್ಷ ಕಾಲಾವಕಾಶವಿದೆ. ಮೊತ್ತ ಸಣ್ಣದೆಂದು ಸಂಕೋಚಪಡಬೇಡಿ. ನಿಮ್ಮ ಬಾಗಿಲಿಗೇ ಕಾನೂನು ಬಂದು ನಿಂತಿರುವುದು ಸಣ್ಣ ಮೊತ್ತಗಳಿಗಾಗಿಯೇ.