ಮುಖಗವಸಿನ ವಿವಾದ: ಕಲ್ಯಾಣದ ಪ್ಲೇಗು ತಪಾಸಣೆಯಿಂದ ಕೋವಿಡ್‌ವರೆಗೆ

ಸಾಂಕ್ರಾಮಿಕ ರೋಗವೊಂದು ಊರಿಂದೂರಿಗೆ ಹಬ್ಬುತ್ತಿರುವಾಗ ಮೂಗುಬಾಯಿಗಳನ್ನು ಬಟ್ಟೆಯಿಂದ ಮುಚ್ಚಿಕೊಂಡರೆ ಅದರ ವೇಗ ಕುಗ್ಗುವುದೇ ಎಂಬ ಪ್ರಶ್ನೆ ೨೦೨೦ರಲ್ಲಿ ಹುಟ್ಟಿದುದೆಂದು ಅನೇಕರ ಭಾವನೆ. ವಾಸ್ತವದಲ್ಲಿ ಅದಕ್ಕೆ ನೂರು ವರ್ಷಗಳಿಗೂ ಮಿಕ್ಕ ಚರಿತ್ರೆಯಿದೆ. ಆ ಚರಿತ್ರೆಯ ಮೊದಲ ಪುಟಗಳಲ್ಲಿಯೇ ಇಂದಿನ ವಾದದ ಎರಡು ಪಕ್ಷಗಳೂ ಕಾಣಸಿಗುತ್ತವೆ. ಗವಸೆಂಬ ವಸ್ತು ಸೋಂಕನ್ನು ತಡೆಯಬಲ್ಲುದೇ ಎಂಬುದು ಒಂದು ಪ್ರಶ್ನೆ. ಎಲ್ಲರೂ ಗವಸು ಧರಿಸತಕ್ಕದ್ದೆಂಬ ಆಜ್ಞೆಯು ಒಂದು ನಗರದ ರೋಗವನ್ನು ತಗ್ಗಿಸಬಲ್ಲುದೇ ಎಂಬುದು ಇನ್ನೊಂದು ಪ್ರಶ್ನೆ. ಈ ಎರಡನ್ನೂ ಒಂದೇ ಎಂದೆಣಿಸಿದುದರಿಂದಲೇ ವಾದ ಕಗ್ಗಂಟಾಯಿತೆಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ನಮ್ಮ ಪರಿಸರದಿಂದಲೇ ಪ್ರಾರಂಭಿಸೋಣ. ೧೮೯೬ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಪ್ಲೇಗು ಇರುವುದನ್ನು ಡಾ. ಅಕಾಸಿಯೊ ವಿಯೆಗಾಸ್ ಅವರು ಗುರುತಿಸಿದರು. ೧೮೯೭ರ ಫೆಬ್ರವರಿ ೪ರಂದು ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದಿತು. ಮುಂಬಯಿಯಿಂದ ಹೊರಟ ಪ್ರಯಾಣಿಕರನ್ನು ಕಲ್ಯಾಣ ನಿಲ್ದಾಣದಲ್ಲಿ ತಡೆದು ವೈದ್ಯರು ಪರೀಕ್ಷಿಸುತ್ತಿದ್ದರು. ಇಷ್ಟಾದರೂ ರೋಗ ೧೮೯೮ರಲ್ಲಿ ಹುಬ್ಬಳ್ಳಿಯನ್ನು ಮುಟ್ಟಿತು. ಅದೇ ವರ್ಷ ಬೆಂಗಳೂರನ್ನೂ ಹೊಕ್ಕಿತು. ಇಲಿಯ ಮೈಮೇಲಿನ ಚಿಗಟವೇ ಪ್ಲೇಗಿನ ವಾಹಕವೆಂದು ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯನು ತೋರಿಸಿದ್ದು ಆ ೧೮೯೮ರಲ್ಲಿಯೇ. ಅದಕ್ಕೆ ಮುಂಚೆ ಅಧಿಕಾರಿಗಳು ಮನುಷ್ಯನನ್ನು ಶೋಧಿಸಿದರು, ಮನೆಯನ್ನು ಹೊಕ್ಕು ನೋಡಿದರು. ಇಲಿಯ ಕಡೆಗೆ ಅವರ ಗಮನ ಹೋಗಲಿಲ್ಲ. ಕಾರಣ ತಿಳಿಯದ ಕಟ್ಟಳೆ ಜನಕ್ಕೆ ಬರಿಯ ಹಿಂಸೆಯಾಗಿ ಕಂಡಿತು. ಪುಣೆಯಲ್ಲಿ ಪ್ಲೇಗು ಅಧಿಕಾರಿ ರ್‍ಯಾಂಡನ ಮೇಲೆ ೧೮೯೭ರ ಜೂನ್ ೨೨ರ ರಾತ್ರಿ ಗುಂಡು ಹಾರಿದುದು ಆ ಕ್ರೋಧದ ಪರಿಣಾಮವೇ.

ಗಡ್ಡೆಯ ರೂಪದ ಆ ಪ್ಲೇಗಿಗೆ ಮುಖಗವಸು ಏನನ್ನೂ ಮಾಡಲಾರದಾಗಿತ್ತು. ಆದರೆ ಅದೇ ರೋಗಾಣು ಶ್ವಾಸಕೋಶವನ್ನು ಹೊಕ್ಕರೆ ಸ್ಥಿತಿ ಬದಲಾಗುತ್ತದೆ. ೧೯೧೦ರ ಕೊನೆಯಲ್ಲಿ ಮಂಚೂರಿಯಾದಲ್ಲಿ ಹೀಗಾಯಿತು. ಹಾರ್ಬಿನ್ ನಗರಕ್ಕೆ ಕಳುಹಲ್ಪಟ್ಟ ಡಾ. ವೂ ಲಿಯೆನ್-ತೆ, ಈ ರೋಗ ಉಸಿರಿನಿಂದ ಹರಡುತ್ತಿರುವುದೆಂದು ನಿರ್ಣಯಿಸಿ, ಜಾಳಿಬಟ್ಟೆಯ ನಡುವೆ ಹತ್ತಿಯನ್ನಿಟ್ಟ ಗವಸನ್ನು ವೈದ್ಯರಿಗೂ ಸೇವಕರಿಗೂ ವಿಧಿಸಿದರು. ಮೆಸ್ನಿ ಎಂಬ ಹಿರಿಯ ಫ್ರೆಂಚ್ ವೈದ್ಯನು ಆ ಮಾತನ್ನು ಒಪ್ಪದೆ ಗವಸಿಲ್ಲದೆ ರೋಗಿಗಳನ್ನು ನೋಡಿ, ೧೯೧೧ರ ಜನವರಿಯಲ್ಲಿ ಅದೇ ರೋಗಕ್ಕೆ ಬಲಿಯಾದನು. ಆ ಸಾಂಕ್ರಾಮಿಕದಲ್ಲಿ ಸುಮಾರು ೬೦,೦೦೦ ಜನ ಮಡಿದರು. ರೋಗದ ಮಾರ್ಗ ಯಾವುದೆಂದು ತಿಳಿಯದೆ ಗವಸಿನ ಗುಣದೋಷಗಳನ್ನು ಹೇಳಲಾಗದೆಂಬುದು ಇಲ್ಲಿಯ ಮೊದಲ ಪಾಠ.

೧೯೧೮ರ ಇನ್‌ಫ್ಲುಯೆಂಜಾ ಎರಡನೆಯ ಪಾಠವನ್ನು ಕಲಿಸಿತು. ಜೂನ್ ತಿಂಗಳಿನಲ್ಲಿ ಮುಂಬಯಿ ಬಂದರಿನ ಕಾವಲಿನ ಪೋಲೀಸರು ಕಾಯಿಲೆ ಬಿದ್ದರು. ಶರತ್ಕಾಲದಲ್ಲಿ ಎರಡನೆಯ ಅಲೆ ಭೀಕರವಾಗಿ ಬಂದು, ಅಕ್ಟೋಬರ್ ೬ರ ಒಂದೇ ದಿನ ನಗರದಲ್ಲಿ ೭೬೮ ಸಾವುಗಳು ದಾಖಲಾದವು. ಅದೇ ಅಕ್ಟೋಬರಿನಲ್ಲಿ ಅಮೆರಿಕದ ಸಾನ್ ಫ್ರಾನ್ಸಿಸ್ಕೋ ನಗರವು ಬೀದಿಯಲ್ಲಿ ಮುಖಗವಸನ್ನು ಕಡ್ಡಾಯ ಮಾಡಿತು. ಧರಿಸದವರಿಗೆ ದಂಡ, ಕೆಲವರಿಗೆ ಸೆರೆಮನೆ. ನವೆಂಬರ್ ೨೧ರಂದು ಆಜ್ಞೆ ತೆರವಾಯಿತು. ೧೯೧೯ರ ಜನವರಿಯಲ್ಲಿ ಅದನ್ನು ಮತ್ತೆ ಹೇರಿದಾಗ ‘ಗವಸುವಿರೋಧಿ ಸಂಘ’ವೇ ಎದ್ದು ನಿಂತಿತು, ಫೆಬ್ರವರಿ ೧ರಂದು ಆಜ್ಞೆಯನ್ನು ಹಿಂದೆಗೆದುಕೊಳ್ಳಲಾಯಿತು. ಆ ಪ್ರಾಂತದ ಆರೋಗ್ಯಾಧಿಕಾರಿ ಕೆಲ್ಲಾಗ್ ಮೊದಲಿಗೆ ಗವಸಿನಲ್ಲಿ ಭರವಸೆಯಿಟ್ಟವನೇ. ಆದರೆ ೧೯೨೦ರಲ್ಲಿ ತನ್ನ ಸಹೋದ್ಯೋಗಿಯೊಡನೆ ಅವನು ಪ್ರಕಟಿಸಿದ ಪ್ರಯೋಗವು ಇಂದಿಗೂ ಓದತಕ್ಕುದಾಗಿದೆ. ಜಾಳಿಬಟ್ಟೆಯ ಪದರಗಳು ಹೆಚ್ಚಿದಂತೆ ತಡೆಯುವ ಶಕ್ತಿ ಹೆಚ್ಚುತ್ತದೆ. ಆದರೆ ಪದರ ದಟ್ಟವಾದಂತೆ ಉಸಿರು ಬಟ್ಟೆಯನ್ನು ಹಾಯದೆ ಅಂಚಿನ ಸಂದುಗಳಿಂದ ನುಸುಳುತ್ತದೆ. ಸಾಂಕ್ರಾಮಿಕವನ್ನು ತಡೆಯಲು ಎಲ್ಲರ ಮೇಲೆ ಕಡ್ಡಾಯವಾಗಿ ಹೇರುವಷ್ಟು ಸಾಮರ್ಥ್ಯ ಆ ಗವಸಿಗೆ ಸಿದ್ಧಪಟ್ಟಿಲ್ಲವೆಂದು ಅವರು ತೀರ್ಮಾನಿಸಿದರು. ಮಂಚೂರಿಯಾದ ವೈದ್ಯನ ಅನುಭವಕ್ಕೂ ಈ ತೀರ್ಮಾನಕ್ಕೂ ವಿರೋಧವಿಲ್ಲ. ಒಬ್ಬನು ರೋಗಿಯ ಹಾಸಿಗೆಯ ಬಳಿ ನಿಂತವನ ಮಾತನ್ನು ಹೇಳಿದನು. ಇನ್ನೊಬ್ಬನು ಒಂದು ಇಡೀ ಪಟ್ಟಣದ ಮಾತನ್ನು ಹೇಳಿದನು.

ನೂರು ವರ್ಷಗಳ ಮೇಲೆ ಇದೇ ನಾಟಕ ಮತ್ತೆ ನಡೆಯಿತು. ೨೦೨೦ರ ಫೆಬ್ರವರಿಯ ಕೊನೆಯಲ್ಲಿ ಅಮೆರಿಕದ ಸರ್ಜನ್ ಜನರಲ್ ಜನಸಾಮಾನ್ಯರು ಗವಸು ಕೊಳ್ಳುವುದನ್ನು ನಿಲ್ಲಿಸಬೇಕೆಂದರು. ಏಪ್ರಿಲ್ ೩ರಂದು ಅದೇ ಸರಕಾರ ಬಟ್ಟೆಯ ಗವಸನ್ನು ಧರಿಸಬೇಕೆಂದಿತು. ಸಮುದಾಯದಲ್ಲಿ ಆರೋಗ್ಯವಂತರು ಗವಸು ಧರಿಸುವುದಕ್ಕೆ ಸಾಕಷ್ಟು ಪ್ರಮಾಣವಿಲ್ಲವೆಂದು ಏಪ್ರಿಲ್ ೬ರಂದು ಹೇಳಿದ ವಿಶ್ವ ಆರೋಗ್ಯ ಸಂಸ್ಥೆ, ಜೂನ್ ೫ರಂದು ತನ್ನ ಸಲಹೆಯನ್ನು ಬದಲಿಸಿತು. ನಮ್ಮಲ್ಲಿ ಮಹಾರಾಷ್ಟ್ರ ಸರಕಾರವು ೧೮೯೭ರ ಅದೇ ಕಾಯಿದೆಯನ್ನು ೨೦೨೦ರ ಮಾರ್ಚ್ ೧೩ರಂದು ಪ್ರಯೋಗಿಸಿತು. ಏಪ್ರಿಲ್ ೮ರಂದು ಮುಂಬಯಿ ಮಹಾನಗರಪಾಲಿಕೆ ಸಾರ್ವಜನಿಕ ಸ್ಥಳಗಳಲ್ಲಿ ಗವಸನ್ನು ಕಡ್ಡಾಯಗೊಳಿಸಿತು. ದಾಸ್ತಾನು ಸಾಲದು, ಆದುದರಿಂದ ಒಳ್ಳೆಯ ಗವಸುಗಳನ್ನು ವೈದ್ಯರಿಗೆ ಬಿಡಿರೆಂದು ಮೊದಲೇ ಸ್ಪಷ್ಟವಾಗಿ ಹೇಳಿದ್ದರೆ ಜನ ಒಪ್ಪುತ್ತಿದ್ದರು. ಉಪಯೋಗವಿಲ್ಲವೆಂದು ಒಂದು ತಿಂಗಳು, ಉಪಯೋಗವುಂಟೆಂದು ಮರುತಿಂಗಳು ಹೇಳಿದಾಗ ಎರಡೂ ಮಾತುಗಳ ಬೆಲೆ ಕುಸಿಯಿತು.

ಇದಕ್ಕಿಂತ ಗಂಭೀರವಾದುದು ರೋಗದ ಮಾರ್ಗವನ್ನು ಕುರಿತ ಹಟ. ಈ ರೋಗ ಗಾಳಿಯಲ್ಲಿ ತೇಲಿ ಬರುವುದಲ್ಲವೆಂದು ೨೦೨೦ರ ಮಾರ್ಚ್ ೨೮ರಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಜುಲೈ ತಿಂಗಳಿನಲ್ಲಿ ಲಿಡಿಯಾ ಮೊರಾವ್‌ಸ್ಕಾ ಮತ್ತು ಡೊನಾಲ್ಡ್ ಮಿಲ್ಟನ್ ಬರೆದ ಲೇಖನವನ್ನು ೨೩೯ ವಿಜ್ಞಾನಿಗಳು ಬೆಂಬಲಿಸಿ, ಮುಚ್ಚಿದ ಕೋಣೆಗಳಲ್ಲಿ ಸೂಕ್ಷ್ಮಕಣಗಳು ತೇಲಿ ಹರಡುವುದನ್ನು ಗಮನಿಸಬೇಕೆಂದರು. ಉಸಿರಾಟದಿಂದ ಒಳಹೋಗುವ ಕಣಗಳ ಪಾತ್ರವನ್ನು ಆ ಸಂಸ್ಥೆ ತನ್ನ ಪ್ರಶ್ನೋತ್ತರಗಳಲ್ಲಿ ಸ್ಪಷ್ಟವಾಗಿ ಒಪ್ಪಿಕೊಂಡುದು ೨೦೨೧ರ ಏಪ್ರಿಲ್ ೩೦ರಂದು. ಈ ನಡುವಣ ಕಾಲದಲ್ಲಿ ನಾವು ಬಾಗಿಲ ಹಿಡಿಗಳನ್ನು ಒರೆಸಿದೆವು, ತರಕಾರಿಯನ್ನು ತೊಳೆದೆವು, ಕಿಟಕಿಗಳನ್ನು ಮುಚ್ಚಿಟ್ಟೆವು. ೧೮೯೭ರಲ್ಲಿ ಇಲಿಯನ್ನು ಬಿಟ್ಟು ಮನುಷ್ಯನನ್ನು ಶೋಧಿಸಿದವರನ್ನು ನಾವು ಹಳಿಯುವಂತಿಲ್ಲ.

ಪ್ರಯೋಗಗಳು ಏನು ಹೇಳಿದವು? ಡೆನ್ಮಾರ್ಕಿನಲ್ಲಿ ೨೦೨೦ರ ವಸಂತದಲ್ಲಿ ಸುಮಾರು ೬,೦೦೦ ಜನರ ಮೇಲೆ ನಡೆದ ಪರೀಕ್ಷೆಯಲ್ಲಿ, ಗವಸು ಧರಿಸಲು ಹೇಳಿದವರಲ್ಲಿ ಶೇಕಡಾ ೧.೮, ಉಳಿದವರಲ್ಲಿ ೨.೧ ಮಂದಿಗೆ ಸೋಂಕು ತಗಲಿತು. ಈ ಅಂತರ ನಿರ್ಣಾಯಕವಲ್ಲ. ಆದರೆ ಧರಿಸಿದವನಿಗೆ ಆದ ರಕ್ಷಣೆಯನ್ನು ಮಾತ್ರ ಅದು ಅಳೆಯಿತು. ಅವನಿಂದ ಇತರರಿಗೆ ಆದ ರಕ್ಷಣೆಯನ್ನು ಅಳೆಯಲಿಲ್ಲ. ಬಾಂಗ್ಲಾದೇಶದ ೬೦೦ ಹಳ್ಳಿಗಳಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ಗವಸು ಹಂಚಿ, ಬುದ್ಧಿ ಹೇಳಿ, ಧರಿಸುವವರ ಪ್ರಮಾಣವನ್ನು ಶೇಕಡಾ ೧೩ರಿಂದ ೪೨ಕ್ಕೆ ಏರಿಸಲಾಯಿತು. ಶಸ್ತ್ರವೈದ್ಯರ ಗವಸುಗಳನ್ನು ಕೊಟ್ಟ ಹಳ್ಳಿಗಳಲ್ಲಿ ಲಕ್ಷಣಸಹಿತವಾದ ಸೋಂಕು ಸುಮಾರು ಶೇಕಡಾ ೧೧ರಷ್ಟು ಕಡಮೆಯಾಯಿತು. ಅರುವತ್ತು ದಾಟಿದವರಲ್ಲಿ ಇಳಿತ ಇನ್ನೂ ಹೆಚ್ಚು. ಬಟ್ಟೆಯ ಗವಸಿನ ವಿಷಯದಲ್ಲಿ ಅಂತಹ ನಿಶ್ಚಿತ ಫಲ ಕಾಣಲಿಲ್ಲ. ೨೦೨೩ರ ಜನವರಿಯಲ್ಲಿ ಕಾಕ್ರೇನ್ ಸಂಸ್ಥೆಯ ಸಮೀಕ್ಷೆ ಹೊರಬಂದಾಗ ಗವಸು ನಿಷ್ಫಲವೆಂದು ಸಿದ್ಧವಾಯಿತೆಂದು ಕೆಲವರು ಘೋಷಿಸಿದರು; ಅದರ ಮುಖ್ಯ ಸಂಪಾದಕಿಯೇ ಮಾರ್ಚಿನಲ್ಲಿ ಮುಂದೆ ಬಂದು, ಗವಸು ಧರಿಸುವಂತೆ ಮಾಡುವ ಕ್ರಮಗಳ ಫಲ ಅನಿಶ್ಚಿತವೆಂಬುದಷ್ಟೇ ಅದರ ಅಭಿಪ್ರಾಯವೆಂದು ತಿದ್ದಿದರು. ಕೆಲ್ಲಾಗನು ೧೯೨೦ರಲ್ಲಿ ಬೇರ್ಪಡಿಸಿದ್ದ ಎರಡು ಪ್ರಶ್ನೆಗಳನ್ನು ಜಗತ್ತು ಮತ್ತೆ ಬೆರೆಸಿಕೊಂಡಿತ್ತು.

ಥಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿಗಳ ವಾಸಿಗಳಿಗೆ ಈ ವಾದ ಪುಸ್ತಕದ ವಿಷಯವಾಗಿರಲಿಲ್ಲ. ವಾಶಿಯ ಕೃಷಿ ಉತ್ಪನ್ನ ಮಾರುಕಟ್ಟೆಯನ್ನು ಸೋಂಕಿನ ಕಾರಣ ೨೦೨೦ರ ಮೇ ೧೧ರಿಂದ ಒಂದು ವಾರ ಮುಚ್ಚಬೇಕಾಯಿತು. ಜೂನ್ ೧೫ರಂದು ಅವಶ್ಯಕ ಸೇವೆಯವರಿಗಾಗಿ ಲೋಕಲ್ ಗಾಡಿಗಳು ಓಡತೊಡಗಿದವು. ಜುಲೈ ೧ರಿಂದ ರಾಷ್ಟ್ರೀಕೃತ ಬ್ಯಾಂಕುಗಳ ನೌಕರರಿಗೂ ಅವಕಾಶ ದೊರೆಯಿತು. ಮರುದಿನವೇ ಥಾಣೆಯಲ್ಲಿಯೂ ಕಲ್ಯಾಣ-ಡೊಂಬಿವಲಿಯಲ್ಲಿಯೂ ಊರನ್ನು ಮತ್ತೆ ಬಂದ್ ಮಾಡಲಾಯಿತು. ಆರಡಿ ಅಂತರ ಸಾಧ್ಯವಿಲ್ಲದ ಡಬ್ಬಿಯಲ್ಲಿ, ಕಿಟಕಿಯೊಂದು ತೆರೆದಿರುವುದೂ ಮೂಗಿನ ಮೇಲೆ ಗವಸು ಸರಿಯಾಗಿ ಕುಳಿತಿರುವುದೂ ಮಾತ್ರ ಪ್ರಯಾಣಿಕನ ಕೈಯಲ್ಲಿದ್ದ ಉಪಾಯಗಳು. ಮುಖ ಮುಚ್ಚಿಕೊಂಡು ಒಳಗೆ ಬರಬಾರದೆಂದು ಫಲಕ ಹಾಕಿದ್ದ ಬ್ಯಾಂಕುಗಳು ಮುಖ ಮುಚ್ಚದೆ ಬರಬಾರದೆಂಬ ಫಲಕ ಹಾಕಿದುದನ್ನೂ ವಾಚಕರು ಕಂಡಿರಬಹುದು.

ಆದರೂ ಗವಸಿಗೆ ಮೀರಿದ ಸಂಗತಿಗಳಿದ್ದವು. ೨೦೨೦ರ ಜುಲೈಯಲ್ಲಿ ಮುಂಬಯಿಯ ಮೂರು ವಾರ್ಡುಗಳಲ್ಲಿ ರಕ್ತಪರೀಕ್ಷೆ ನಡೆಸಿದಾಗ ಕೊಳೆಗೇರಿಗಳಲ್ಲಿ ಶೇಕಡಾ ೫೭, ಇತರೆಡೆ ೧೬ ಮಂದಿಯಲ್ಲಿ ಸೋಂಕು ತಗಲಿದ ಗುರುತು ದೊರೆಯಿತು. ಗವಸಿನ ಆಜ್ಞೆ ಇಬ್ಬರಿಗೂ ಒಂದೇ. ಮನೆಯ ವಿಸ್ತಾರ, ಶೌಚಾಲಯ, ಗಾಳಿಯ ಸಂಚಾರ ಒಂದೇ ಅಲ್ಲ. ಬ್ಯಾಂಕಿನಲ್ಲಿ ಒಬ್ಬನು ಬರೆದುದನ್ನು ಇನ್ನೊಬ್ಬನು ನೋಡಿ ಒಪ್ಪುತ್ತಾನೆ, ಲೆಕ್ಕಪರಿಶೋಧಕನು ಮತ್ತೊಮ್ಮೆ ನೋಡುತ್ತಾನೆ. ಯಾವ ಒಂದು ಕಾವಲೂ ಪೂರ್ಣವಲ್ಲವೆಂದು ಬಲ್ಲುದರಿಂದಲೇ ಈ ಏರ್ಪಾಟು. ಅಪೂರ್ಣವೆಂಬ ಕಾರಣಕ್ಕೆ ಯಾರೂ ಯಾವುದನ್ನೂ ಕೈಬಿಡುವುದಿಲ್ಲ. ಗವಸನ್ನೂ ಇದೇ ದೃಷ್ಟಿಯಿಂದ ಕಾಣುವುದು ಯುಕ್ತ.

೨೦೨೨ರ ಏಪ್ರಿಲ್ ೨ರಂದು, ಯುಗಾದಿಯ ದಿನ, ಮಹಾರಾಷ್ಟ್ರದಲ್ಲಿ ಗವಸಿನ ಕಡ್ಡಾಯ ಕೊನೆಗೊಂಡಿತು. ಆದರೆ ಪ್ರಶ್ನೆ ಮತ್ತೆ ಬರುವುದರಲ್ಲಿ ಸಂದೇಹವಿಲ್ಲ. ಚೆನ್ನಾಗಿ ಕುಳಿತ ಒಳ್ಳೆಯ ಗವಸು ಗಾಳಿಯಿಂದ ಬರುವ ರೋಗದಲ್ಲಿ ಸಹಾಯಕವೆಂದೂ, ಬರಿಯ ಆಜ್ಞೆಯ ಫಲ ಅಷ್ಟು ಖಚಿತವಲ್ಲವೆಂದೂ ಒಂದೇ ಉಸಿರಿನಲ್ಲಿ ಹೇಳುವ ಧೈರ್ಯ ಅಂದಿನ ಅಧಿಕಾರಿಗಳಿಗಿರಲಿ. ಆಜ್ಞೆಯೊಡನೆ ಕಾರಣವನ್ನೂ, ಕಾರಣದೊಡನೆ ಅದರ ಮಿತಿಯನ್ನೂ ತಿಳಿಸಿದರೆ ಜನ ತಾಳಿಕೊಳ್ಳುತ್ತಾರೆ. ಇತ್ತ ನಮ್ಮ ಸಂಘಗಳ ಕರ್ತವ್ಯವೂ ಒಂದಿದೆ. ಆ ಎರಡು ವರ್ಷಗಳ ಪಾಲಿಕೆಯ ಪ್ರಕಟನೆಗಳು, ಸಂಘದ ಸಭಾನಡಾವಳಿಗಳು, ಕೂಡುಮನೆಗಳ ಸೂಚನಾಪತ್ರಗಳು ಈಗಲೂ ಮನೆಮನೆಗಳಲ್ಲಿ ಉಳಿದಿರಬಹುದು. ಅವು ರದ್ದಿಗೆ ಹೋಗುವ ಮುನ್ನ ಸಂಗ್ರಹಿಸಲ್ಪಟ್ಟರೆ, ಮುಂದಿನ ಸಂಶೋಧಕನು ೧೮೯೭ರ ಕಲ್ಯಾಣದ ಪ್ರಯಾಣಿಕನ ಮನಸ್ಸನ್ನು ಊಹಿಸುವಂತೆ ನಮ್ಮ ಮನಸ್ಸನ್ನು ಊಹಿಸಿ ಬರೆಯಬೇಕಾದ ಪ್ರಸಂಗ ಬಾರದು.